ಅಂಗೈ ಹುಣ್ಣು ಮತ್ತು ಕನ್ನಡಿ: ಜಿ. ಇ. ಮೂರ್ ಅವರ ಒಂದು ಉಪನ್ಯಾಸವನ್ನು ಕುರಿತು

ನಮ್ಮಲ್ಲಿ ಎರಡು ಗಾದೆಗಳಿವೆ. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬುದು ಒಂದು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಇನ್ನೊಂದು. ಎರಡನ್ನೂ ನಾವು ಒಂದೇ ಬಾಯಿಯಿಂದ, ಯಾವ ಮುಜುಗರವೂ ಇಲ್ಲದೆ ಆಡುತ್ತೇವೆ. ಕಣ್ಣಿಗೆ ಕಂಡದ್ದಕ್ಕೆ ಬೇರೆ ಸಾಕ್ಷಿ ಬೇಡ ಎನ್ನುತ್ತದೆ ಮೊದಲನೆಯದು. ಕಣ್ಣಿಗೆ ಕಂಡರೂ ಸಾಲದು ಎನ್ನುತ್ತದೆ ಎರಡನೆಯದು. ಈ ಎರಡು ಮಾತುಗಳ ನಡುವಿನ ಜಗಳವೇ ಪಶ್ಚಿಮದಲ್ಲಿ ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕಿ, ನಮ್ಮ ದರ್ಶನಗಳಲ್ಲಿ ಅದಕ್ಕಿಂತಲೂ ಬಹಳ ಹಿಂದಿನಿಂದ ನಡೆದು ಬಂದಿರುವ ಒಂದು ದೊಡ್ಡ ವಾದದ ತಿರುಳು. ನಮ್ಮ ಮನಸ್ಸಿನ ಹೊರಗೆ ಒಂದು ಜಗತ್ತು ಇದೆಯೆಂದು ನಮಗೆ ನಿಜವಾಗಿಯೂ ಗೊತ್ತೆ? ಗೊತ್ತಿದ್ದರೆ ಅದಕ್ಕೆ ರುಜುವಾತೇನು?

ಈ ವಾದದಲ್ಲಿ ತನ್ನ ಅಂಗೈಯನ್ನೇ ಸಾಕ್ಷಿಯಾಗಿ ಎತ್ತಿ ಹಿಡಿದ ಒಬ್ಬ ಪಂಡಿತರಿದ್ದರು. ಕೇಂಬ್ರಿಜ್‌ನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ನಿವೃತ್ತರಾದ ಜಿ. ಇ. ಮೂರ್ (೧೮೭೩–೧೯೫೮) ೧೯೩೯ರ ನವೆಂಬರ್ ೨೨ರಂದು ಬ್ರಿಟಿಷ್ ಅಕಾಡೆಮಿಯ ಮುಂದೆ ಬಾಹ್ಯಜಗತ್ತಿನ ರುಜುವಾತನ್ನು ಕುರಿತು ಒಂದು ಉಪನ್ಯಾಸ ಓದಿದರು. ಅದರ ಸಾರವನ್ನು ಮಗುವಿಗೂ ಹೇಳಬಹುದು. ಬಲಗೈಯನ್ನು ಎತ್ತಿ, ಇದೊಂದು ಕೈ ಎಂದರು. ಎಡಗೈಯನ್ನು ಎತ್ತಿ, ಇದು ಇನ್ನೊಂದು ಎಂದರು. ಆದ್ದರಿಂದ ಮನಸ್ಸಿನ ಹೊರಗೆ ಕನಿಷ್ಠ ಎರಡು ವಸ್ತುಗಳಿವೆ, ರುಜುವಾತು ಮುಗಿಯಿತು ಎಂದರು. ಮೊದಲ ಸಲ ಓದುವವರಿಗೆ ಇದು ಹುಡುಗಾಟಿಕೆಯಾಗಿ ತೋರುತ್ತದೆ. ಎರಡನೆಯ ಸಲ ಓದಿದಾಗ, ಇದರಲ್ಲಿ ತಪ್ಪು ಎಲ್ಲಿದೆ ಎಂದು ಬೊಟ್ಟು ಮಾಡುವುದು ಅಷ್ಟು ಸುಲಭವಲ್ಲವೆಂದು ತಿಳಿಯುತ್ತದೆ. ಅಂದಿನಿಂದ ಇಂದಿನವರೆಗೆ ಈ ಉಪನ್ಯಾಸದ ಪರ-ವಿರೋಧವಾಗಿ ಬರೆದವರ ಸಾಲು ಮುಗಿದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂದೇಹವಾದಕ್ಕೆ ಮಾಡಿದ ವಿಮರ್ಶೆಯಾಗಿ ಮೂರ್ ಅವರ ಉಪನ್ಯಾಸ ಬೆಲೆಯುಳ್ಳದ್ದು. ಅದು ಹೆಸರಿನಲ್ಲಿ ಹೊತ್ತುಕೊಂಡಿರುವ ‘ರುಜುವಾತು’ ಎಂಬ ಪಟ್ಟಕ್ಕೆ ಮಾತ್ರ ಅರ್ಹವಲ್ಲ. ಅವರು ಹೇಳಬೇಕಾಗಿದ್ದ ಮಾತನ್ನು ನಮ್ಮ ಪ್ರಾಚೀನ ಭಾಷ್ಯಕಾರರು ಇನ್ನೂ ಹರಿತವಾಗಿ ಹೇಳಿದ್ದಾರೆ. ಇದನ್ನು ‘ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು’ ಎಂಬ ಹೆಮ್ಮೆಯಿಂದ ಹೇಳುತ್ತಿಲ್ಲ. ಎರಡು ಕಡೆಯ ವಾದಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಒಂದರ ಬೆಳಕಿನಲ್ಲಿ ಇನ್ನೊಂದು ಕಾಣುತ್ತದೆ ಎಂಬುದಷ್ಟೇ ನನ್ನ ಉದ್ದೇಶ.

ಮೊದಲು ಸಂದೇಹವಾದಿಯ ಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಪೂರ್ವಪಕ್ಷವನ್ನು ಬಡಕಲಾಗಿಸಿ ಗೆಲ್ಲುವುದು ಗೆಲುವಲ್ಲ. ಫ್ರಾನ್ಸಿನ ರೆನೆ ಡೆಕಾರ್ತ್ ೧೬೪೧ರಲ್ಲಿ ಪ್ರಕಟಿಸಿದ ‘ಮೆಡಿಟೇಷನ್ಸ್’ ಗ್ರಂಥದ ಮೊದಲ ಭಾಗದಲ್ಲಿ ಈ ಪ್ರಶ್ನೆಯನ್ನು ಎತ್ತುತ್ತಾನೆ. ತಾನು ಬೆಂಕಿಯ ಪಕ್ಕದಲ್ಲಿ ಕಾಗದ ಹಿಡಿದು ಕುಳಿತಿರುವುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿದೆ. ಆದರೆ ಹಾಸಿಗೆಯಲ್ಲಿ ಮಲಗಿದ್ದಾಗಲೂ ಹೀಗೆಯೇ ಬೆಂಕಿಯ ಪಕ್ಕದಲ್ಲಿ ಕುಳಿತಂತೆ ಎಷ್ಟು ಸಲ ಕನಸು ಕಂಡಿಲ್ಲ? ಕನಸಿನಲ್ಲಿರುವಾಗ ಅದು ಕನಸೆಂದು ಗೊತ್ತಾಗಲಿಲ್ಲ. ಹಾಗಾದರೆ ಈಗ ಎಚ್ಚರವಾಗಿದ್ದೇನೆಂದು ಹೇಳುವ ಗುರುತು ಯಾವುದು? ಇನ್ನೂ ಮುಂದೆ ಹೋಗಿ, ಸರ್ವಶಕ್ತವಾದ ಒಂದು ದುಷ್ಟಚೇತನ ಆಕಾಶ, ಭೂಮಿ, ಬಣ್ಣ, ಆಕಾರಗಳೆಲ್ಲವನ್ನೂ ಬರಿಯ ಭ್ರಮೆಯಾಗಿ ನನ್ನೊಳಗೆ ತುಂಬುತ್ತಿದ್ದರೆ? ೧೯೮೧ರಲ್ಲಿ ಅಮೆರಿಕದ ಹಿಲರಿ ಪಟ್ನಂ ಇದಕ್ಕೆ ವಿಜ್ಞಾನಯುಗದ ವೇಷ ತೊಡಿಸಿ, ದ್ರವ ತುಂಬಿದ ತೊಟ್ಟಿಯಲ್ಲಿ ಜೀವಂತವಾಗಿಟ್ಟ ಮಿದುಳಿಗೆ ತಂತಿಗಳ ಮೂಲಕ ಎಲ್ಲ ಅನುಭವಗಳನ್ನೂ ಉಣಿಸಿದರೆ ಹೇಗೆ ಎಂದು ಕೇಳಿದರು. ಡೆಕಾರ್ತ್ ಆಗಲಿ ಪಟ್ನಂ ಆಗಲಿ ಸಂದೇಹವಾದಿಗಳಲ್ಲ. ಇಬ್ಬರೂ ಈ ಸಂಶಯವನ್ನು ಎತ್ತಿದ್ದು ದಾಟುವುದಕ್ಕಾಗಿ. ಆದರೆ ಎಬ್ಬಿಸಿದ ದೆವ್ವ ಎಬ್ಬಿಸಿದವನ ಮಾತನ್ನೇ ಕೇಳಬೇಕೆಂದಿಲ್ಲ.

ವಾದದ ಹೆಜ್ಜೆಗಳು ಮೂರು. ನನ್ನ ಮುಂದೆ ಕೈಯಿದೆಯೆಂದು ನನಗೆ ಗೊತ್ತಿರಬೇಕಾದರೆ, ನಾನು ಕನಸು ಕಾಣುತ್ತಿಲ್ಲವೆಂದೂ ಗೊತ್ತಿರಬೇಕು. ಕನಸು ಕಾಣುತ್ತಿಲ್ಲವೆಂದು ನನಗೆ ಗೊತ್ತಾಗಲಾರದು, ಏಕೆಂದರೆ ಅದಕ್ಕಾಗಿ ಮಾಡುವ ಯಾವ ಪರೀಕ್ಷೆಯನ್ನೂ ಕನಸಿನಲ್ಲಿಯೇ ಮಾಡುತ್ತಿರಬಹುದು. ಆದ್ದರಿಂದ ಕೈಯಿದೆಯೆಂದು ನನಗೆ ಗೊತ್ತಿಲ್ಲ. ಕೈ ಇಲ್ಲವೆಂದು ಸಂದೇಹವಾದಿ ಹೇಳುತ್ತಿಲ್ಲ ಎಂಬುದನ್ನು ಗಮನಿಸಬೇಕು. ಇರಬಹುದು, ಆದರೆ ಇದೆಯೆಂಬ ತಿಳಿವು ನಿನಗಿಲ್ಲ ಎಂಬುದಷ್ಟೇ ಅವನ ಮಾತು.

ಬೌದ್ಧ ವಿಜ್ಞಾನವಾದಿಗಳು ಇದಕ್ಕಿಂತ ಒಂದು ಹೆಜ್ಜೆ ಮುಂದಿದ್ದರು. ವಸುಬಂಧು ತನ್ನ ‘ವಿಂಶತಿಕಾ’ ಎಂಬ ಪುಟ್ಟ ಕೃತಿಯಲ್ಲಿ, ಕಾಣುವುದೆಲ್ಲ ಬರಿಯ ವಿಜ್ಞಾನ, ಹೊರಗೆ ವಸ್ತುವಿಲ್ಲ ಎಂದು ವಾದಿಸುತ್ತಾನೆ. ಕಣ್ಣಿಗೆ ತಿಮಿರದೋಷವಿದ್ದವನು ಇಲ್ಲದ ಕೂದಲನ್ನು ಕಾಣುವುದಿಲ್ಲವೆ? ವಸ್ತುವಿಲ್ಲದಿದ್ದರೆ ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ ಮಾತ್ರ ಕಾಣುವುದೇಕೆ ಎಂದರೆ, ಕನಸಿನಲ್ಲಿಯೂ ಜಾಗ-ಹೊತ್ತುಗಳ ಕಟ್ಟು ಇದೆ. ಕನಸು ಸುಳ್ಳೆಂದು ಎಚ್ಚರದಲ್ಲಿ ತಿಳಿಯುತ್ತದಲ್ಲ ಎಂದರೆ, ಎಚ್ಚರವಾಗದವನಿಗೆ ಅದು ಹೇಗೆ ತಿಳಿಯುತ್ತದೆ, ನೀವೂ ಇನ್ನೂ ಎಚ್ಚತ್ತಿಲ್ಲ ಎಂಬ ಉತ್ತರ ಸಿದ್ಧವಾಗಿದೆ. ಈ ಕೊನೆಯ ಉತ್ತರ ಬಹಳ ಗಟ್ಟಿಯಾದದ್ದು, ಇದನ್ನು ನೆನಪಿನಲ್ಲಿಟ್ಟುಕೊಂಡಿರೋಣ.

ವಿಜ್ಞಾನವನ್ನು ಸ್ವಲ್ಪ ಓದಿದವರಿಗೆ ಸಂದೇಹದ ಇನ್ನೊಂದು ದಾರಿಯೂ ಪರಿಚಿತ. ಭೌತಶಾಸ್ತ್ರಜ್ಞ ಎಡಿಂಗ್ಟನ್ ೧೯೨೮ರ ‘ದ ನೇಚರ್ ಆಫ್ ದ ಫಿಸಿಕಲ್ ವರ್ಲ್ಡ್’ ಗ್ರಂಥದ ಆರಂಭದಲ್ಲಿ, ತಾನು ಎರಡು ಮೇಜುಗಳ ಮುಂದೆ ಬರೆಯಲು ಕುಳಿತಿದ್ದೇನೆ ಎನ್ನುತ್ತಾರೆ. ಒಂದು ಬಣ್ಣವುಳ್ಳ ಗಟ್ಟಿಯಾದ ಮೇಜು. ಇನ್ನೊಂದು ಬಹುಪಾಲು ಬಯಲೇ ಆಗಿದ್ದು ನಡುನಡುವೆ ವಿದ್ಯುತ್ಕಣಗಳು ಓಡಾಡುತ್ತಿರುವ ವಿಜ್ಞಾನದ ಮೇಜು. ನಿಜವಾಗಿ ಇರುವುದು ಎರಡನೆಯದಾದರೆ ಕಣ್ಣು ಇಷ್ಟು ದಿನ ಹೇಳಿದ್ದು ಸುಳ್ಳಲ್ಲವೆ? ಇದಕ್ಕೆ ಸೂಸನ್ ಸ್ಟೆಬಿಂಗ್ ೧೯೩೭ರಲ್ಲಿಯೇ ಕಟುವಾದ ಉತ್ತರ ಕೊಟ್ಟರು: ಮೇಜು ಗಟ್ಟಿ ಎಂಬ ಮಾತಿಗೆ ಅರ್ಥ ಬಂದಿರುವುದೇ ಮೇಜು, ಹಲಗೆ, ನೆಲಗಳಂಥ ವಸ್ತುಗಳಿಂದ. ಅದು ಅಣುಗಳಿಂದಾಗಿದೆ ಎಂದ ಮಾತ್ರಕ್ಕೆ ಗಟ್ಟಿತನ ಸುಳ್ಳಾಗುವುದಿಲ್ಲ. ಇದಕ್ಕೆ ನಾನು ಇನ್ನೊಂದನ್ನು ಸೇರಿಸುತ್ತೇನೆ. ನೀರಿನ ಲೋಟದಲ್ಲಿಟ್ಟ ಪೆನ್ಸಿಲು ಮುರಿದಂತೆ ಕಾಣುತ್ತದೆ. ಅದು ಮುರಿದಿಲ್ಲವೆಂದು ತಿಳಿದದ್ದು ಹೇಗೆ? ಕೈಯಿಂದ ಮುಟ್ಟಿ, ಹೊರಗೆ ತೆಗೆದು ನೋಡಿ. ಬೆಳಕು ಬಾಗುವ ನಿಯಮ ತಿಳಿದದ್ದು ಹೇಗೆ? ಕೋನಗಳನ್ನು ಅಳೆದು, ಅಳತೆಪಟ್ಟಿಯ ಗೆರೆಯನ್ನು ಕಣ್ಣಿನಿಂದ ಓದಿ. ಇಂದ್ರಿಯದ ತಪ್ಪನ್ನು ತಿದ್ದಿದ್ದು ಇಂದ್ರಿಯವೇ. ವಿಜ್ಞಾನ ಕಣ್ಣನ್ನು ಕೆಲಸದಿಂದ ತೆಗೆದುಹಾಕಲಿಲ್ಲ. ಅದಕ್ಕೆ ಜೊತೆಗಾರರನ್ನು ಕೊಟ್ಟಿತು.

ಇನ್ನು ಉಪನ್ಯಾಸಕ್ಕೆ ಬರೋಣ. ಕೈಯೆತ್ತುವ ಪ್ರಸಂಗ ಬರುವುದು ಕೊನೆಯ ಹೊತ್ತಿಗೆ. ಬಾಹ್ಯವಸ್ತುಗಳ ಇರವನ್ನು ಬರಿಯ ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿರುವುದು ತತ್ವಶಾಸ್ತ್ರಕ್ಕೇ ಕಳಂಕವೆಂದು ಇಮ್ಯಾನುಯೆಲ್ ಕಾಂಟ್ ೧೭೮೭ರಲ್ಲಿ ತನ್ನ ಮಹಾಗ್ರಂಥದ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಆಡಿದ ಮಾತಿನಿಂದ ಮೂರ್ ಹೊರಡುತ್ತಾರೆ. ಅನಂತರ ಬಹುಪಾಲು ಸಮಯವನ್ನು ‘ಮನಸ್ಸಿನ ಹೊರಗಿನ ವಸ್ತು’ ಎಂದರೆ ಏನೆಂಬುದನ್ನು ಬಿಡಿಸುವುದಕ್ಕೆ ಕೊಡುತ್ತಾರೆ. ಓದುಗರು ಆಕಳಿಸಿ ದಾಟಿಬಿಡುವ ಈ ಭಾಗವೇ ನನಗೆ ಉಪನ್ಯಾಸದ ಅತ್ಯುತ್ತಮ ಭಾಗವೆನಿಸುತ್ತದೆ. ಕಪ್ಪು ಹಿನ್ನೆಲೆಯ ಮೇಲಿನ ಬಿಳಿಯ ನಕ್ಷತ್ರಾಕಾರವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ಬಿಳಿಯ ಹಾಳೆಯ ಕಡೆಗೆ ಕಣ್ಣು ತಿರುಗಿಸಿದರೆ ಬೂದು ಬಣ್ಣದ ನಕ್ಷತ್ರವೊಂದು ಕಾಣುತ್ತದೆ. ಅದು ಹಾಳೆಯ ಮೇಲೆ, ಅಂದರೆ ಒಂದು ಜಾಗದಲ್ಲಿ, ಇರುವಂತೆಯೇ ತೋರುತ್ತದೆ. ಆದರೂ ಪಕ್ಕದಲ್ಲಿ ನಿಂತವನಿಗೆ ಅದು ಕಾಣಲಾರದು. ನೋವೂ ಹಾಗೆಯೇ, ಮಂಡಿಯಲ್ಲಿದೆ ಎಂದು ಜಾಗ ತೋರಿಸಬಹುದು, ಇನ್ನೊಬ್ಬರಿಗೆ ಅದು ಅಲ್ಲಿ ಸಿಕ್ಕುವುದಿಲ್ಲ. ಇವು ಮನಸ್ಸಿಗೆ ಸೇರಿದವು. ಸಾಬೂನಿನ ಗುಳ್ಳೆಯಾದರೋ ಕ್ಷಣಮಾತ್ರ ಬಾಳಿದರೂ ಹೊರಗಿನ ವಸ್ತು. ಯಾರೂ ನೋಡದೆಯೂ ಅದು ಇದ್ದು ಒಡೆದುಹೋಗಬಹುದು. ವಸ್ತು ಹೊರಗಿನದಾಗಲು ಗಟ್ಟಿಯಾಗಿರಬೇಕಿಲ್ಲ, ಬಹುಕಾಲ ಬಾಳಬೇಕಿಲ್ಲ. ಒಬ್ಬನ ಅನುಭವವನ್ನು ನೆಚ್ಚಿಕೊಂಡಿರದಿದ್ದರೆ ಸಾಕು.

ಹೀಗೆ ಹಾದಿ ಸಮ ಮಾಡಿಕೊಂಡು ಮೂರ್ ಕೈಯೆತ್ತುತ್ತಾರೆ. ಒಳ್ಳೆಯ ರುಜುವಾತಿಗೆ ಮೂರು ಲಕ್ಷಣಗಳನ್ನು ಹೇಳುತ್ತಾರೆ: ಆಧಾರವಾಕ್ಯ ತೀರ್ಮಾನಕ್ಕಿಂತ ಬೇರೆಯಾಗಿರಬೇಕು, ಅದು ನಿಜವೆಂದು ನಮಗೆ ಗೊತ್ತಿರಬೇಕು, ತೀರ್ಮಾನ ಅದರಿಂದ ಹೊರಡಬೇಕು. ಇಂಥ ಪುಟದಲ್ಲಿ ಮೂರು ಅಚ್ಚಿನ ತಪ್ಪುಗಳಿವೆ ಎಂದು ಒಬ್ಬರು ಹೇಳಿ ಇನ್ನೊಬ್ಬರು ಒಪ್ಪದಿದ್ದರೆ, ಪುಟ ತೆಗೆದು ಇಲ್ಲೊಂದು, ಇಲ್ಲೊಂದು, ಇಲ್ಲೊಂದು ಎಂದು ತೋರಿಸಿದರೆ ವಾದ ಮುಗಿಯುತ್ತದೆ. ಕರಡು ತಿದ್ದಿದ ಅನುಭವವುಳ್ಳ ಯಾರೂ ಇದನ್ನು ಅಲ್ಲಗಳೆಯಲಾರರು. ಕೈಗಳ ವಿಷಯದಲ್ಲಿ ತಾನು ಮಾಡಿದ್ದೂ ಅಷ್ಟೇ ಎನ್ನುತ್ತಾರೆ ಮೂರ್. ‘ಇದೊಂದು ಕೈ’ ಎಂಬ ಆಧಾರವಾಕ್ಯಕ್ಕೇ ರುಜುವಾತು ಕೊಡಿ ಎಂದರೆ ಅವರು ಪ್ರಾಮಾಣಿಕರಾಗಿ ಕೈ ಚೆಲ್ಲುತ್ತಾರೆ. ಅದಕ್ಕೆ ನಾನು ಕನಸು ಕಾಣುತ್ತಿಲ್ಲವೆಂದು ಸಾಧಿಸಬೇಕು, ಅದು ನನ್ನಿಂದಾಗದು, ಆದರೆ ಸಾಧಿಸಲಾಗದ ಎಷ್ಟೋ ಸಂಗತಿಗಳು ನನಗೆ ಗೊತ್ತಿರಬಹುದು ಎಂಬುದು ಅವರ ನಿಲುವು.

ಉಪನ್ಯಾಸದ ಶಕ್ತಿಯೂ ದೌರ್ಬಲ್ಯವೂ ಈ ಕೊನೆಯ ಮಾತಿನಲ್ಲಿಯೇ ಇದೆ. ಶಕ್ತಿ ಏನೆಂದರೆ, ತಿಳಿವು ಬೇರೆ, ರುಜುವಾತು ಬೇರೆ ಎಂಬುದನ್ನು ಅವರು ಕಂಡಿದ್ದಾರೆ. ದೌರ್ಬಲ್ಯವೇನೆಂದರೆ, ಹಾಗೆ ಕಂಡಮೇಲೂ ಅದಕ್ಕೆ ರುಜುವಾತೆಂದು ಹೆಸರಿಟ್ಟಿದ್ದಾರೆ. ಅಚ್ಚಿನ ತಪ್ಪಿನ ವಿಷಯದಲ್ಲಿ ವಾದಿ-ಪ್ರತಿವಾದಿಗಳಿಬ್ಬರೂ ಪುಟವನ್ನು ಒಪ್ಪಿದ್ದಾರೆ. ಸಂದೇಹವಾದಿ ಪುಟವನ್ನೇ ಒಪ್ಪಿಲ್ಲ. ಅವನ ಮುಂದೆ ಕೈಯೆತ್ತುವುದೆಂದರೆ ಪ್ರಶ್ನೆಯನ್ನೇ ಉತ್ತರವೆಂದು ಹಿಂದಿರುಗಿಸಿದಂತೆ.

ಈ ತಿಳಿವು-ರುಜುವಾತುಗಳ ಅಂತರ ನನ್ನಂಥ ಕೇಂದ್ರ ಸರ್ಕಾರದ ಗುಮಾಸ್ತರಿಗೆ ದಿನವೂ ಕಣ್ಣಿಗೆ ಬೀಳುವ ಸಂಗತಿ. ನಿವೃತ್ತರಾದ ಕೇಂದ್ರ ನೌಕರರು ಪ್ರತಿ ನವೆಂಬರ್‌ನಲ್ಲಿ ತಾವು ಬದುಕಿರುವುದಕ್ಕೆ ಪ್ರಮಾಣಪತ್ರ ಒಪ್ಪಿಸಬೇಕು. ಎಪ್ಪತ್ತು ದಾಟಿದ ಹಿರಿಯರು ಕೌಂಟರಿನ ಮುಂದೆ ನಿಂತು, ನಮಸ್ಕಾರ ಹೇಳಿ, ಮೊಮ್ಮಗಳ ಮದುವೆಯ ಸುದ್ದಿಯನ್ನೂ ಹೇಳಿರುತ್ತಾರೆ. ಅವರು ಬದುಕಿದ್ದಾರೆಂದು ಗುಮಾಸ್ತನಿಗೆ ಗೊತ್ತಿಲ್ಲವೆ? ಗೊತ್ತು. ಆದರೂ ಕಾಗದ ಬೇಕು, ಇಲ್ಲವೆ ಯಂತ್ರದ ಮೇಲೆ ಬೆರಳೊತ್ತಬೇಕು. ಗುಮಾಸ್ತನ ತಿಳಿವು ಅವನ ತಲೆಯಲ್ಲಿಯೇ ಉಳಿಯುತ್ತದೆ. ಅದು ಫೈಲಿನ ಜೊತೆಗೆ ಮೇಜಿಂದ ಮೇಜಿಗೆ ಹೋಗಲಾರದು. ಸತ್ತವರ ಹೆಸರಿನಲ್ಲಿ ಪಿಂಚಣಿ ಸಂದಾಯವಾಗುವ ಸಂಭವ ನಿಜವಾಗಿಯೂ ಇರುವುದರಿಂದ ಈ ನಿಯಮಕ್ಕೆ ಅರ್ಥವಿದೆ. ಆದರೆ ಒಬ್ಬ ಮೇಲಧಿಕಾರಿ, ‘ಈ ಪ್ರಮಾಣಪತ್ರ ಅಸಲೆಂಬುದಕ್ಕೆ ಪ್ರಮಾಣಪತ್ರವೆಲ್ಲಿ? ಅದಕ್ಕೆ ಸಹಿ ಹಾಕಿದವರು ಬದುಕಿದ್ದರೆಂಬುದಕ್ಕೆ ಪ್ರಮಾಣವೆಲ್ಲಿ?’ ಎಂದು ಬರೆಯುತ್ತಾ ಹೋದರೆ, ಅದನ್ನು ಎಚ್ಚರಿಕೆ ಎನ್ನುವುದಿಲ್ಲ, ಫೈಲು ಕೊಲ್ಲುವ ವಿದ್ಯೆ ಎನ್ನುತ್ತೇವೆ. ಆಕ್ಷೇಪಣೆ ಬರೆಯುವವನು ಯಾವ ನಿಯಮದ ಮೇಲೆ, ಯಾವ ದಾಖಲೆಯಲ್ಲಿ ಏನು ಹೊಂದುವುದಿಲ್ಲವೆಂದು ಹೇಳಬೇಕು. ಕಾರಣವಿಲ್ಲದ ಆಕ್ಷೇಪಣೆಗೆ ಉತ್ತರ ಬರೆಯಲಾಗದು. ಉತ್ತರ ಬರೆಯಲಾಗದ್ದು ಆಕ್ಷೇಪಣೆಯ ಹೆಚ್ಚುಗಾರಿಕೆಯಲ್ಲ. ಮೂರ್ ಮಾಡಬೇಕಾಗಿದ್ದುದು ಇಲ್ಲದ ಕಾಗದವನ್ನು ಒಪ್ಪಿಸುವುದಲ್ಲ. ಈ ಕಾಗದವನ್ನು ಕೇಳಲು ನಿನಗೇನು ಕಾರಣವೆಂದು ತಿರುಗಿ ಕೇಳುವುದು.

ಅವರು ಇದನ್ನು ಕೇಳಲೇ ಇಲ್ಲವೆಂದರೆ ಅನ್ಯಾಯವಾಗುತ್ತದೆ. ೧೯೧೦–೧೧ರಲ್ಲಿ ಕೊಟ್ಟು ೧೯೫೩ರಲ್ಲಿ ಅಚ್ಚಾದ ಉಪನ್ಯಾಸಗಳಲ್ಲಿ ಅವರು ಪೆನ್ಸಿಲೊಂದನ್ನು ಹಿಡಿದು ತೂಗಿ ನೋಡುತ್ತಾರೆ. ಹ್ಯೂಮ್‌ನ ತತ್ವಗಳು ನಿಜವಾದರೆ ಈ ಪೆನ್ಸಿಲಿರುವುದು ನನಗೆ ಗೊತ್ತಾಗಲಾರದು. ಆದರೆ ಪೆನ್ಸಿಲಿನ ಬಗ್ಗೆ ನನಗಿರುವ ಖಚಿತತೆ ಹ್ಯೂಮ್‌ನ ಯಾವ ತತ್ವದ ಬಗ್ಗೆಯೂ ಇಲ್ಲ. ಹಾಗಾದರೆ ಪೆನ್ಸಿಲನ್ನು ಬಿಡಬೇಕೆ, ತತ್ವವನ್ನು ಬಿಡಬೇಕೆ? ಈ ತಕ್ಕಡಿಯ ವಾದ ಕೈಯೆತ್ತಿದ ವಾದಕ್ಕಿಂತ ಎಷ್ಟೋ ಬಲವಾದದ್ದು. ಕೀರ್ತಿ ಮಾತ್ರ ಕೈಗೇ ಹೋಯಿತು.

ಮೂರ್ ಅವರ ವಿರುದ್ಧ ಎದ್ದ ಆಕ್ಷೇಪಗಳಲ್ಲಿ ನನಗೆ ತೀಕ್ಷ್ಣವಾಗಿ ಕಂಡದ್ದು ಬ್ಯಾರಿ ಸ್ಟ್ರೌಡ್ ೧೯೮೪ರ ತಮ್ಮ ಪುಸ್ತಕದಲ್ಲಿ ಬೆಳೆಸಿರುವುದು. ಥಾಂಪ್ಸನ್ ಕ್ಲಾರ್ಕ್ ಅವರಿಂದ ಪಡೆದ ಒಂದು ಉದಾಹರಣೆಯನ್ನು ಅವರು ಬಳಸುತ್ತಾರೆ. ಯುದ್ಧಕಾಲದಲ್ಲಿ ವಿಮಾನಗಳನ್ನು ಗುರುತಿಸಲು ಸಿಪಾಯಿಗಳಿಗೆ ಒಂದು ಕೈಪಿಡಿ ಕೊಟ್ಟಿರುತ್ತದೆ: ಇಂಥ ಲಕ್ಷಣಗಳಿದ್ದರೆ ಈ ಜಾತಿ, ಇಂಥವಿದ್ದರೆ ಆ ಜಾತಿ. ಆದರೆ ಅದೇ ಲಕ್ಷಣಗಳಿರುವ ಮೂರನೆಯ ಜಾತಿಯೊಂದನ್ನು ಲೆಕ್ಕಕ್ಕೆ ಬೇಡವೆಂದು ಕೈಪಿಡಿಯಲ್ಲಿ ಬಿಟ್ಟಿದ್ದಾರೆ. ಸಿಪಾಯಿ ಕೈಪಿಡಿಯಂತೆ ನಡೆದು ‘ಗೊತ್ತು’ ಎನ್ನುತ್ತಾನೆ. ಅವನ ಕೆಲಸಕ್ಕೆ ಅಷ್ಟು ಸಾಕು. ಆದರೆ ಹೊರಗೆ ನಿಂತು ನೋಡಿದರೆ ಅವನಿಗೆ ನಿಜವಾಗಿ ಗೊತ್ತಿಲ್ಲ. ಮೂರ್ ಅವರ ‘ಗೊತ್ತು’ ಕೂಡ ಇಂಥದೇ ಇರಬಹುದಲ್ಲ ಎಂಬುದು ಸ್ಟ್ರೌಡ್ ಅವರ ಶಂಕೆ.

ನಿಯಮಾವಳಿಯ ಪುಟಗಳ ನಡುವೆ ಬದುಕುವವರಿಗೆ ಈ ಉದಾಹರಣೆ ಚುರುಕು ಮುಟ್ಟಿಸುತ್ತದೆ. ಆದರೂ ಅದು ಸಂದೇಹವಾದಿಯ ನೆರವಿಗೆ ಬರಲಾರದು. ಸಿಪಾಯಿಯ ತಿಳಿವು ಕುಂಟೆಂದು ನಾವು ಹೇಳಬಲ್ಲೆವು, ಏಕೆಂದರೆ ಮೂರನೆಯ ಜಾತಿಯ ವಿಮಾನ ಇದೆಯೆಂದು ಕೈಪಿಡಿ ಬರೆದವರಿಗೆ ಗೊತ್ತಿದೆ. ಯಾರೋ ಒಬ್ಬರಿಗೆ ವಿಮಾನಗಳ ನಿಜವಾದ ತಿಳಿವು ಇರುವುದರಿಂದಲೇ ಇನ್ನೊಬ್ಬರ ತಿಳಿವಿನ ಕೊರತೆ ಕಾಣುವುದು. ಸಂದೇಹವಾದಿಯ ಮೂರನೆಯ ವಿಮಾನವನ್ನು ಯಾರೂ ಎಂದೂ ಕಂಡಿಲ್ಲ, ಕಾಣಲೂ ಸಾಧ್ಯವಿಲ್ಲವೆಂಬುದೇ ಅವನ ಷರತ್ತು. ಹೊರಗೆ ನಿಲ್ಲಲು ಜಾಗವಿಲ್ಲವೆಂದು ತಾನೇ ಹೇಳಿ, ಹೊರಗೆ ನಿಂತವನ ತೀರ್ಪನ್ನು ಅವನು ನಮಗೆ ಕೊಡುತ್ತಿದ್ದಾನೆ.

ಮೂರ್ ಅವರ ಪೀಠಕ್ಕೆ ಅವರ ನಂತರ ಬಂದ ಲುಡ್ವಿಗ್ ವಿಟ್ಗೆನ್‌ಸ್ಟೈನ್ ತಮ್ಮ ಕೊನೆಯ ತಿಂಗಳುಗಳಲ್ಲಿ ಈ ಕೈಗಳನ್ನು ಕುರಿತೇ ಟಿಪ್ಪಣಿಗಳನ್ನು ಬರೆದರು. ೧೯೫೧ರ ಏಪ್ರಿಲ್ ೨೭ರಂದು ಕೊನೆಯ ಟಿಪ್ಪಣಿ. ೨೯ರಂದು ಅವರ ಮರಣ. ಇವು ೧೯೬೯ರಲ್ಲಿ ‘ಆನ್ ಸರ್ಟನ್ಟಿ’ ಎಂಬ ಪುಸ್ತಕವಾಗಿ ಬಂದವು. ಅವರ ಪ್ರಕಾರ ಕೈಯಿದೆಯೆಂಬುದು ನಾವು ಸಂಪಾದಿಸಿದ ತಿಳಿವಲ್ಲ. ಬಾಗಿಲು ತಿರುಗಲು ತಿರುಗಣಿ ಅಲುಗದೆ ನಿಂತಿರಬೇಕಾದಂತೆ, ನಾವು ಪ್ರಶ್ನೆ ಕೇಳಿ ಸಂಶಯಪಡಲು ಕೆಲವು ಸಂಗತಿಗಳು ಅಲುಗದೆ ನಿಂತಿರಬೇಕು. ಮಗು ಮೊದಲು ನಂಬಿ ಕಲಿಯುತ್ತದೆ, ಸಂಶಯ ಆಮೇಲೆ. ಇದು ಆಳವಾದ ಮಾತು. ಆದರೆ ಇದೇ ಪುಸ್ತಕದಲ್ಲಿ ಓದುಗರು ಗಮನಿಸಬೇಕಾದ ಸ್ವಾರಸ್ಯವೊಂದಿದೆ. ಯಾವ ಮನುಷ್ಯನೂ ಚಂದ್ರನಿಗೆ ಹೋಗಿಲ್ಲವೆಂಬುದನ್ನು ಅವರು ಇಂಥ ಅಲುಗದ ಸಂಗತಿಗಳಿಗೆ ಉದಾಹರಣೆಯಾಗಿ ಮತ್ತೆಮತ್ತೆ ಬಳಸುತ್ತಾರೆ. ಪುಸ್ತಕ ಅಚ್ಚಾದ ೧೯೬೯ರ ಜುಲೈನಲ್ಲಿಯೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ! ಬರೆದ ಕಾಲಕ್ಕೆ ಅವರ ಮಾತು ಸರಿಯೇ. ಆದರೆ ತಿರುಗಣಿಯೂ ಸವೆಯುತ್ತದೆಂಬುದಕ್ಕೆ, ಅದು ಕಾಲದೊಂದಿಗೆ ಸರಿಯಬಹುದೆಂಬ ಅವರದೇ ಮಾತಿಗೆ, ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ಹಾಗೆ ಸವೆದದ್ದು ಹೇಗೆ? ಬರಿಯ ಸಂಶಯದಿಂದಲ್ಲ. ಹೋಗಿ ಬಂದದ್ದರಿಂದ.

ಈ ಜಾಗದಲ್ಲಿಯೇ ನಮ್ಮ ಭಾಷ್ಯಕಾರರ ನೆನಪಾಗುವುದು. ಜಗತ್ತು ಮಿಥ್ಯೆ ಎಂದ ಶಂಕರಾಚಾರ್ಯರು ಬಾಹ್ಯವಸ್ತುವಿನ ಪರವಾಗಿ ವಾದಿಸಿದರೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ವಿಜ್ಞಾನವಾದವನ್ನು ಅವರು ಖಂಡಿಸುತ್ತಾರೆ. ಕಂಬ, ಗೋಡೆ, ಮಡಕೆಗಳು ಕಾಣುತ್ತಿರುವಾಗ ಅವು ಇಲ್ಲವೆನ್ನುವವನು, ಉಂಡು ತೃಪ್ತನಾಗಿಯೂ ತಾನು ಉಣ್ಣಲಿಲ್ಲ, ತೃಪ್ತನಾಗಲಿಲ್ಲ ಎನ್ನುವವನಂತೆ ಎಂದು ಹಾಸ್ಯ ಮಾಡುತ್ತಾರೆ. ಇಲ್ಲಿಯವರೆಗೆ ಇದು ಮೂರ್ ಅವರ ಕೈಯೇ. ಆದರೆ ಅವರು ಅಲ್ಲಿಗೆ ನಿಲ್ಲುವುದಿಲ್ಲ. ಒಳಗಿನ ರೂಪವೇ ಹೊರಗಿನದರ ಹಾಗೆ ತೋರುತ್ತದೆ ಎನ್ನುವಿರಲ್ಲ, ಆ ‘ಹಾಗೆ’ ಎಂಬ ಮಾತು ನಿಮಗೆಲ್ಲಿಂದ ಬಂತು ಎಂದು ಕೇಳುತ್ತಾರೆ. ಹೊರಗಿನದೆಂಬುದು ಎಲ್ಲಿಯೂ ಇಲ್ಲದಿದ್ದರೆ ಅದಕ್ಕೆ ಹೋಲಿಸುವುದು ಹೇಗೆ? ವಿಷ್ಣುಮಿತ್ರ ಬಂಜೆಯ ಮಗನ ಹಾಗೆ ಕಾಣುತ್ತಾನೆಂದು ಯಾರೂ ಹೇಳುವುದಿಲ್ಲ.

ಕನಸಿನ ವಾದಕ್ಕೂ ಅವರಲ್ಲಿ ಉತ್ತರವಿದೆ. ಕನಸು ಸುಳ್ಳೆನಿಸುವುದು ಎಚ್ಚರದ ತಿಳಿವು ಬಂದು ಅದನ್ನು ತಳ್ಳಿಹಾಕುವುದರಿಂದ. ಇದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಬಾಧೆ ಎಂದು ಹೆಸರು. ಎಚ್ಚರದಲ್ಲಿ ಕಂಡ ಕಂಬವನ್ನು ಹಾಗೆ ತಳ್ಳಿಹಾಕುವ ತಿಳಿವು ಯಾವುದು? ಮುಂದೆ ಬರಬಹುದಲ್ಲ, ನೀವಿನ್ನೂ ಎಚ್ಚತ್ತಿಲ್ಲ ಎಂದು ವಸುಬಂಧು ಹೇಳಿದ್ದುಂಟು. ಅದ್ವೈತಿಯಾದ ಶಂಕರರು ಬ್ರಹ್ಮಜ್ಞಾನದ ಎಚ್ಚರವನ್ನು ಒಪ್ಪಿದವರೇ. ಆದರೆ ಅಲ್ಲಿಯೂ ಜಗತ್ತನ್ನು ಬಾಧಿಸುವುದು ಇನ್ನೊಂದು ತಿಳಿವೇ ಹೊರತು ‘ಬಾಧಿಸಬಹುದು’ ಎಂಬ ಬರಿಯ ಊಹೆಯಲ್ಲ. ಕುಮಾರಿಲಭಟ್ಟರು ಇದನ್ನು ಒಂದು ಸಿದ್ಧಾಂತವಾಗಿಯೇ ಮಂಡಿಸಿದ್ದರು. ತಿಳಿವು ತಾನಾಗಿಯೇ ಪ್ರಮಾಣ. ಅದಕ್ಕೆ ಎದುರಾದ ಇನ್ನೊಂದು ತಿಳಿವು ಹುಟ್ಟಿದಾಗ, ಇಲ್ಲವೆ ತಿಳಿವಿನ ಕಾರಣದಲ್ಲಿ ದೋಷ ಕಂಡಾಗ, ಆಗ ಮಾತ್ರ ಅದನ್ನು ಬಿಡಬೇಕು. ಉಡುಪಿಯ ಮಧ್ವಾಚಾರ್ಯರು ಬಾಹ್ಯಜಗತ್ತಿನ ಸತ್ಯತ್ವವನ್ನೇ ತಮ್ಮ ದರ್ಶನದ ಅಡಿಗಲ್ಲಾಗಿ ಮಾಡಿಕೊಂಡರು. ಪ್ರಮಾಣಕ್ಕೆ ಪ್ರಮಾಣ, ಅದಕ್ಕೆ ಇನ್ನೊಂದು ಪ್ರಮಾಣ ಎಂಬ ಕೊನೆಯಿಲ್ಲದ ಸಾಲು ನಮ್ಮೊಳಗಿನ ಸಾಕ್ಷಿಯಲ್ಲಿ ನಿಲ್ಲುತ್ತದೆಂದರು. ಸಾಕ್ಷಿ ಎಂದೂ ತಪ್ಪುವುದಿಲ್ಲವೆಂಬ ಅವರ ಮಾತನ್ನು ಎಲ್ಲರೂ ಒಪ್ಪಲಾರರು. ಆದರೆ ಸಾಲು ಎಲ್ಲಿಯೋ ನಿಲ್ಲಲೇಬೇಕೆಂಬ ಮಾತನ್ನು ಬಿಡುವುದು ಕಷ್ಟ.

ಆ ಕೊನೆಯಿಲ್ಲದ ಸಾಲನ್ನು ಮೊದಲು ಬಲವಾಗಿ ಎತ್ತಿದವನು ನಾಗಾರ್ಜುನ. ‘ವಿಗ್ರಹವ್ಯಾವರ್ತನೀ’ ಎಂಬ ಕೃತಿಯಲ್ಲಿ ಅವನು, ವಸ್ತುಗಳನ್ನು ಪ್ರಮಾಣದಿಂದ ಸಾಧಿಸುವಿರಾದರೆ ಪ್ರಮಾಣವನ್ನು ಯಾವುದರಿಂದ ಸಾಧಿಸುವಿರಿ ಎಂದು ಕೇಳಿದ. ನ್ಯಾಯಸೂತ್ರದಲ್ಲಿ ಇಂಥ ಪ್ರಶ್ನೆಗೆ ಕೊಟ್ಟಿರುವ ಒಂದು ಉತ್ತರ ತಕ್ಕಡಿಯದು. ಚಿನ್ನ ತೂಗುವಾಗ ತಕ್ಕಡಿ ಪ್ರಮಾಣ. ತಕ್ಕಡಿಯನ್ನೇ ಪರೀಕ್ಷಿಸುವಾಗ ತೂಕ ಗೊತ್ತಿರುವ ಚಿನ್ನ ಪ್ರಮಾಣ, ತಕ್ಕಡಿ ಪರೀಕ್ಷೆಗೊಳಗಾದ ವಸ್ತು. ಎರಡನ್ನೂ ಒಂದೇ ಗಳಿಗೆಯಲ್ಲಿ ಸಂಶಯಿಸಲಾಗದು. ಒಂದೊಂದನ್ನೂ ಸರದಿಯಲ್ಲಿ ಪರೀಕ್ಷಿಸಬಹುದು.

ಇದು ಬರಿಯ ದೃಷ್ಟಾಂತವಲ್ಲ, ನಮ್ಮ ಕಾಲದಲ್ಲಿಯೇ ನಡೆದ ಸಂಗತಿ. ಪ್ಯಾರಿಸ್ ಬಳಿಯ ಸೇವ್ರ್‌ನಲ್ಲಿ ಇಟ್ಟಿರುವ ಪ್ಲಾಟಿನಂ-ಇರಿಡಿಯಂ ಸಿಲಿಂಡರೊಂದು ೧೮೮೯ರಿಂದ ಜಗತ್ತಿಗೆಲ್ಲ ಕಿಲೋಗ್ರಾಮಿನ ಪ್ರಮಾಣವಾಗಿತ್ತು. ಅದರ ೫೭ನೆಯ ಸಂಖ್ಯೆಯ ಪ್ರತಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿದೆ. ಕಿಲೋಗ್ರಾಮ್ ಎಂದರೇ ಆ ಸಿಲಿಂಡರಿನ ರಾಶಿಯಾದ್ದರಿಂದ ಅದು ತಪ್ಪುವಂತೆಯೇ ಇರಲಿಲ್ಲ. ಆದರೂ ನೂರು ವರ್ಷಗಳಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ಸುಮಾರು ೫೦ ಮೈ‌ಕ್ರೋಗ್ರಾಮಿನಷ್ಟು ಅಂತರ ಬಂದಿರುವುದು ಕಂಡಿತು. ೨೦೧೯ರ ಮೇ ೨೦ರಿಂದ ಕಿಲೋಗ್ರಾಮನ್ನು ಪ್ಲಾಂಕ್ ಸ್ಥಿರಾಂಕದ ಮೂಲಕ ನಿರೂಪಿಸಲಾಗಿದೆ. ಎಲ್ಲವನ್ನೂ ಅಳೆಯುತ್ತಿದ್ದ ಸಿಲಿಂಡರನ್ನು ಈಗ ತೂಗಿ ನೋಡಬೇಕು. ಪರಮ ಪ್ರಮಾಣವೆನಿಸಿದ್ದೂ ಪರೀಕ್ಷೆಗೆ ಒಳಗಾಯಿತು. ಆದರೆ ಒಂದು ದಿನವಾದರೂ ಅಂಗಡಿಗಳಲ್ಲಿ ತೂಕ ನಿಲ್ಲಲಿಲ್ಲ, ಕಿಲೋಗ್ರಾಮೇ ಇಲ್ಲವೆಂದು ಯಾರೂ ಹೇಳಲಿಲ್ಲ.

ಇಷ್ಟರಿಂದ ಸಂದೇಹವಾದಿ ಸೋತನೆ? ಹಾಗೆಂದು ಡಂಗುರ ಹೊಡೆಯಲಾರೆ. ಶಂಕರರ ‘ಹಾಗೆ’ಯ ವಾದ ಹೊರಗಿನದೆಂಬ ಮಾತಿಗೆ ಅರ್ಥ ಬೇಕೆಂದು ತೋರಿಸುತ್ತದೆ, ಈ ಕ್ಷಣದಲ್ಲಿ ಕಾಣುತ್ತಿರುವ ಈ ಕಂಬ ನಿಜವೆಂದು ಅಷ್ಟರಿಂದಲೇ ಸಿದ್ಧವಾಗದು. ಖೋಟಾ ನೋಟು ಇರಬೇಕಾದರೆ ಅಸಲಿ ನೋಟು ಇದ್ದಿರಬೇಕು, ನಿಜ. ಆದರೆ ನನ್ನ ಜೇಬಿನಲ್ಲಿರುವುದೆಲ್ಲ ಖೋಟಾ ಆಗಿರಬಾರದೆಂದೇನಿಲ್ಲ. ಎಲ್ಲ ತಿಳಿವುಗಳ ಹೊರಗೆ ನಿಂತು ಎಲ್ಲಕ್ಕೂ ಒಟ್ಟಿಗೆ ಮೊಹರು ಹಾಕಿಕೊಡುವ ಅಧಿಕಾರಿ ಯಾರೂ ಇಲ್ಲವೆಂಬ ಸಂದೇಹವಾದಿಯ ಮಾತು ಉಳಿಯುತ್ತದೆ. ಸೋತದ್ದು ಅದರಿಂದ ಅವನು ಎಳೆದ ತೀರ್ಮಾನ: ಮೊಹರಿಲ್ಲದ್ದರಿಂದ ನಿಮಗೆ ಏನೂ ಗೊತ್ತಿಲ್ಲ ಎಂಬುದು. ತಪ್ಪಬಹುದಾದ ತಿಳಿವೂ ತಿಳಿವೇ. ಯಾವುದೇ ಒಂದು ತಪ್ಪಾಗಿರಬಹುದು ಎಂಬುದರಿಂದ ಎಲ್ಲವೂ ಒಟ್ಟಿಗೆ ತಪ್ಪಾಗಿರಬಹುದು ಎಂಬುದಕ್ಕೆ ಹಾರುವುದು ತರ್ಕವಲ್ಲ.

ಈ ಚರ್ಚೆ ಪಂಡಿತರ ಕೋಣೆಯದೇ ಎನ್ನುವಂತಿಲ್ಲ. ಆಡದ ಮಾತನ್ನು ಆಡಿದಂತೆ ತೋರಿಸುವ ವೀಡಿಯೊಗಳನ್ನು ಯಂತ್ರಗಳು ಈಗ ಕ್ಷಣದಲ್ಲಿ ಹೊಲಿದುಕೊಡುತ್ತವೆ. ಇದರಿಂದ ಎರಡು ಅಪಾಯಗಳಿವೆ. ಸುಳ್ಳನ್ನು ನಂಬುವುದು ಒಂದು. ಅದರ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ‘ಈ ಕಾಲದಲ್ಲಿ ಯಾವುದನ್ನು ನಂಬಲು ಸಾಧ್ಯ?’ ಎಂದು ನಿಜವನ್ನೂ ಕೊಡವಿಬಿಡುವುದು ಇನ್ನೊಂದು. ಇದು ಜಾಣತನದ ಮುಖ ಹೊತ್ತು ಬರುವುದರಿಂದ ಹೆಚ್ಚು ಅಪಾಯಕರ. ಕಣ್ಣಾರೆ ಕಂಡು ಸಾಕ್ಷಿ ಹೇಳಲು ಬಂದ ಬಡವನೊಬ್ಬನಿಗೆ, ನೀನು ಕಂಡದ್ದೇ ನಿಜವೆಂದು ಏನು ಗ್ಯಾರಂಟಿ ಎಂದು ಯಾವ ಕಾರಣವನ್ನೂ ಕೊಡದೆ ಬಾಯಿ ಮುಚ್ಚಿಸುವವನು ಡೆಕಾರ್ತ್‌ನನ್ನು ಓದಿರಬೇಕಾಗಿಲ್ಲ. ಅವನು ಬಳಸುವುದು ಅದೇ ಆಯುಧವನ್ನು. ವೀಡಿಯೊ ಖೋಟಾ ಎನ್ನುವವನು ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ತೋರಿಸಬೇಕು. ಸಾಕ್ಷಿ ಸುಳ್ಳು ಎನ್ನುವವನು ಬೆಳಕು ಸಾಲದಿತ್ತೆ, ದೂರವಿತ್ತೆ, ದ್ವೇಷವಿತ್ತೆ ಎಂದು ಹೇಳಬೇಕು. ಕಾರಣ ಹೇಳಿದ ಸಂಶಯಕ್ಕೆ ನಾವು ತಲೆಬಾಗಿ ಮತ್ತೆ ಪರೀಕ್ಷಿಸಬೇಕು. ಕಾರಣ ಹೇಳದ ಸಂಶಯಕ್ಕೆ ತಲೆಬಾಗುವ ಹಂಗು ನಮಗಿಲ್ಲ.

ಈಗ ಆ ಎರಡು ಗಾದೆಗಳನ್ನು ನೋಡಿದರೆ ಅವು ಜಗಳವಾಡುತ್ತಿಲ್ಲವೆಂದು ತೋರುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂಬುದು ತಿಳಿವಿನ ಮಾತು. ಅದನ್ನು ರುಜುವಾತೆಂದು ಕರೆದದ್ದಷ್ಟೇ ಮೂರ್ ಅವರ ತಪ್ಪು. ಇನ್ನು ಎರಡನೆಯ ಗಾದೆ, ಕಂಡದ್ದನ್ನು ನಂಬಬೇಡ ಎನ್ನುವುದಿಲ್ಲ. ‘ಪ್ರಮಾಣಿಸಿ ನೋಡು’ ಎನ್ನುತ್ತದೆ. ಪರೀಕ್ಷೆಯ ಕೊನೆಯಲ್ಲಿಯೂ ಉಳಿಯುವ ಕ್ರಿಯಾಪದ ‘ನೋಡು’ ಎಂಬುದೇ. ಮೂರ್ ಅವರ ಉಪನ್ಯಾಸ ೧೯೫೯ರಲ್ಲಿ ಬಂದ ಅವರ ‘ಫಿಲಾಸಫಿಕಲ್ ಪೇಪರ್ಸ್’ ಸಂಗ್ರಹದಲ್ಲಿ ಸಿಗುತ್ತದೆ. ನಮ್ಮ ದರ್ಶನಗಳ ಕಡೆಯ ವಾದಕ್ಕೆ, ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರ ೧೯೩೨ರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಗಿಂತ ನಿಚ್ಚಳವಾದ ಪ್ರವೇಶ ಇನ್ನೊಂದು ನನಗೆ ತಿಳಿಯದು. ಎರಡನ್ನೂ ಒಟ್ಟಿಗೆ ಓದಿ, ಕೈಯೆತ್ತಿದ ಪ್ರಾಧ್ಯಾಪಕರಿಗೆ ಸಲ್ಲಬೇಕಾದ ಗೌರವ ಎಷ್ಟು, ಆಕ್ಷೇಪ ಎಷ್ಟು ಎಂಬುದನ್ನು ಓದುಗರು ತಾವೇ ತೂಗಿ ನೋಡಲಿ.